ಅಂಚಿಲ್ಲದ ಪಾತರಗಿತ್ತಿ

ನನ್ನ ಕಣ್ಣು ಎಲ್ಲರ ಕಣ್ಣಿನಂಥದ್ದಲ್ಲ ಎಂಬುದು ನನಗೆ ತಿಳಿದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಳಗಾವಿಯ ಮಿಲಿಟರಿ ಭರ್ತಿಯಲ್ಲಿ, ಬರೀ ಚಡ್ಡಿಯ ಮೇಲೆ ಸಾಲಿನಲ್ಲಿ ನಿಂತಾಗ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ನಿಪ್ಪಾಣಿ ಕಡೆಯ ಹುಡುಗರಿಗೆ ಮಿಲಿಟರಿ ಎಂದರೆ ಮೀಸೆ ಚಿಗುರುವ ಮುಂಚೆಯೇ ತಲೆಗೇರುವ ಹುಚ್ಚು. ಓಟದಲ್ಲಿ ಪಾಸಾಗಿದ್ದೆ, ಎದೆಯ ಅಳತೆಯಲ್ಲಿ ಪಾಸಾಗಿದ್ದೆ. ಕೊನೆಗೆ ಡಾಕ್ಟರರು ಒಂದು ಪುಸ್ತಕ ತೆರೆದು ಹಿಡಿದರು. ಪುಟದ ತುಂಬ ಬಣ್ಣದ ಬೊಟ್ಟುಗಳು. ಅದರೊಳಗೆ ಯಾವ ಅಂಕಿ ಇದೆ ಹೇಳು ಎಂದರು. ನನಗೆ ಬೊಟ್ಟುಗಳು ಕಂಡವು, ಅಂಕಿ ಕಾಣಲಿಲ್ಲ. ಪುಟ ತಿರುಗಿಸಿದರು. ಅಲ್ಲೂ ಬೊಟ್ಟು. ಹಿಂದೆ ನಿಂತಿದ್ದ ನಮ್ಮೂರಿನವನೊಬ್ಬ ತಡೆಯಲಾರದೆ ನನ್ನ ಕಿವಿಯಲ್ಲಿ, "ಎಪ್ಪತ್ನಾಲ್ಕ ಐತಿ ಲೇ, ಅಷ್ಟ ದೊಡ್ಡದು" ಎಂದ. ನಾನು ಎಪ್ಪತ್ನಾಲ್ಕು ಎಂದೆ. ಡಾಕ್ಟರರು ನಕ್ಕು ಮತ್ತೊಂದು ಪುಟ ತಿರುಗಿಸಿದರು. ಅಷ್ಟೇ. ಕಾಗದದ ಮೇಲೆ ಏನೋ ಗೀಚಿ, ಬಟ್ಟೆ ಹಾಕಿಕೋ ಎಂದರು.

ನಾನು ಊರಿಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಕಟ್ಟೆಯ ಮೇಲೆ ಕುಳಿತವರು ತಮ್ಮ ರುಮಾಲು ತೋರಿಸಿ "ಇದ್ಯಾವ ಬಣ್ಣಾ ಹೇಳೋ" ಎನ್ನುವುದು, ನಾನು ಹೇಳುವುದು, ಅವರು ನಗುವುದು. ತಪ್ಪು ಹೇಳಿದರೂ ನಗುತ್ತಿದ್ದರು, ಸರಿ ಹೇಳಿದರೂ ನಗುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನು ಹೇಳುವುದನ್ನೇ ನಿಲ್ಲಿಸಿಬಿಟ್ಟೆ. ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ನನ್ನ ಸಿಟ್ಟು ಬೇಗ ಇಳಿಯುವ ಜಾತಿಯದ್ದಲ್ಲ.

ಮೂರು ವರ್ಷದ ಮೇಲೆ ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಬೊಟ್ಟಿನ ಪುಸ್ತಕ ತೋರಿಸಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೆ ಹೋಗಬೇಕು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಂಡು, ಗುಳಿಗೆ ಕೊಟ್ಟು, ಬಂದು ಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯಬೇಕು. ದೊಡ್ಡವರು ಮಲೇರಿಯಾ ಸಾಹೇಬ ಎಂದು ಕರೆಯುತ್ತಿದ್ದರು. ಮಕ್ಕಳು ನನ್ನನ್ನು ಕಂಡರೆ ಬೆರಳುಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಓಡುತ್ತಿದ್ದವು. ಮೊದಲು ರಾಯಬಾಗದ ಹಳ್ಳಿಗಳು, ಆಮೇಲೆ ಕಾಗವಾಡದ ಸುತ್ತ, ಆಮೇಲೆ ಅಥಣಿ. ಬಸ್ಸು ಇದ್ದಲ್ಲಿ ಬಸ್ಸು, ಕಬ್ಬಿನ ಟ್ರ್ಯಾಕ್ಟರ್ ಸಿಕ್ಕರೆ ಟ್ರ್ಯಾಕ್ಟರ್, ಉಳಿದದ್ದೆಲ್ಲ ನಡಿಗೆ.

ಹೀಗೆ ನಡೆಯುವವನಿಗೆ ದಾರಿಯಲ್ಲಿ ನೋಡಲು ಏನಾದರೂ ಬೇಕು. ನನಗೆ ಸಿಕ್ಕದ್ದು ಪಾತರಗಿತ್ತಿ. ಬಣ್ಣ ಕಾಣದವನಿಗೆ ಪಾತರಗಿತ್ತಿಯ ಹುಚ್ಚೇ ಎಂದು ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಆದರೆ ಬಣ್ಣವನ್ನು ನಂಬಲಾಗದವನು ಬೇರೆ ಏನನ್ನಾದರೂ ನಂಬಲೇಬೇಕಾಗುತ್ತದೆ. ಟೊಮೆಟೊ ಹಣ್ಣಾಗಿದೆಯೇ ಎಂದು ನಾನು ಒತ್ತಿ ನೋಡುತ್ತೇನೆ, ಮೆಣಸಿನಕಾಯಿ ಒಣಗಿದೆಯೇ ಎಂದು ಅಲ್ಲಾಡಿಸಿ ಕೇಳುತ್ತೇನೆ. ಪಾತರಗಿತ್ತಿಯಲ್ಲಿ ನಾನು ನೋಡುತ್ತಿದ್ದದ್ದು ಅಂಚು, ಚುಕ್ಕಿ, ಎಲ್ಲಿ ಕಪ್ಪು, ಎಲ್ಲಿ ತಿಳಿ ಎಂಬುದನ್ನು. ಬೇರೆಯವರು "ಎಷ್ಟ ಚಂದ ಬಣ್ಣಾ" ಎಂದು ಮುಂದೆ ಹೋಗುವ ಕಡೆ ನಾನು ಕುಕ್ಕರಗಾಲಲ್ಲಿ ಕೂತು ಚುಕ್ಕಿ ಎಣಿಸುತ್ತಿದ್ದೆ.

ಎಕ್ಕೆ ಗಿಡದ ಸುತ್ತ ಸದಾ ಸುಳಿಯುವ ಒಂದು ಜಾತಿ ಇದೆ. ನಮ್ಮ ಕಡೆ ಅದನ್ನು ನೋಡದವರು ಯಾರೂ ಇಲ್ಲ. ಜನ ಅದನ್ನು ಕೇಸರಿ ಬಣ್ಣದ್ದು ಎನ್ನುತ್ತಾರೆ, ಇರಬಹುದು. ನನಗೆ ಗೊತ್ತಿದ್ದದ್ದು ಅದರ ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಒಂದು ಬಿಳಿ ಪಟ್ಟೆ, ಹಿಂದಿನ ರೆಕ್ಕೆಯ ನಡುವೆ ಗಂಡಿಗೆ ನಾಲ್ಕು ಕಪ್ಪು ಚುಕ್ಕಿ, ಹೆಣ್ಣಿಗೆ ಮೂರು. ಕಾಗವಾಡದ ಕಡೆ ಮರಾಠಿ ಮಾತಾಡುವವರು ಎಕ್ಕೆಗೆ ರುಯಿ ಎನ್ನುತ್ತಾರೆ, ಪಾತರಗಿತ್ತಿಗೆ ಫುಲಪಾಖರು ಎನ್ನುತ್ತಾರೆ. ಹೆಸರು ಬದಲಾಯಿತು, ಚುಕ್ಕಿ ಬದಲಾಗಲಿಲ್ಲ.

ಒಂದು ಸಾರಿ ರಾಯಬಾಗದ ಹತ್ತಿರ, ಬಸ್ಸಿಗೆ ಕಾಯುತ್ತ ಕೂತಿದ್ದಾಗ, ಇದೇ ಜಾತಿಯ ಒಂದು ಪಾತರಗಿತ್ತಿ ಬಂದು ಬೇಲಿಯ ಮೇಲೆ ಕೂತಿತು. ಹಿಂದಿನ ರೆಕ್ಕೆ ಮಾತ್ರ ಪೂರ್ತಿ ಬೆಳ್ಳಗಿತ್ತು, ಸುಣ್ಣ ಬಳಿದಂತೆ. ಚುಕ್ಕಿ ಎಣಿಸಿದೆ, ನಾಲ್ಕು. ಅಂದರೆ ಜಾತಿ ಅದೇ, ಅಂಗಿ ಮಾತ್ರ ಬೇರೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಅವತ್ತಿನಿಂದ ಒಂದು ವಹಿ ಇಟ್ಟೆ. ಇಂಥ ಊರು, ಇಂಥ ದಿನ, ಇಂಥ ಗಿಡ, ಎಲ್ಲರಂತಿಲ್ಲದ್ದು ಏನು.

ಇದನ್ನು ಅರ್ಥವಾಗುವ ಯಾರಿಗಾದರೂ ಹೇಳಬೇಕಲ್ಲ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಪ್ರೊಫೆಸರರೊಬ್ಬರು ಕೀಟಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟಿದ್ದಾರೆಂದು ಕೇಳಿ ಒಂದು ರಜೆಯ ದಿನ ವಹಿ ಹಿಡಿದುಕೊಂಡು ಹೋದೆ. ಒಳ್ಳೆಯ ಮನುಷ್ಯ. ಚಹ ತರಿಸಿದರು, ವಹಿ ಓದಿದರು, ಬಿಳಿ ರೆಕ್ಕೆಯದು ಅಪರೂಪವೇನಲ್ಲ ಆದರೆ ಚೆನ್ನಾಗಿ ನೋಡಿದ್ದೀರಿ ಎಂದರು. ಎಲ್ಲ ಕಡೆ ಚುಕ್ಕಿ ಬರೆದಿದ್ದೀರಿ, ಬಣ್ಣವನ್ನೇಕೆ ಬರೆದಿಲ್ಲ ಎಂದು ಕೇಳಿದರು. ಅವರ ಒಳ್ಳೆಯತನ ಕಂಡು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಹೆಂಡತಿಯನ್ನು ಬಿಟ್ಟರೆ, ಭರ್ತಿಯ ಮೇಲಿನ ಹತ್ತು ವರ್ಷದಲ್ಲಿ ನಾನಾಗಿ ಹೇಳಿದ್ದು ಅವರೊಬ್ಬರಿಗೇ. ಅವರು "ಅದಕ್ಕೇನು ಬಿಡ್ರಿ" ಎಂದು ನನಗೆ ಪೆಟ್ಟಿಗೆ ತೆರೆದು ತೋರಿಸಿದರು. ಎಕ್ಕೆಯ ಪಾತರಗಿತ್ತಿಯಂತೆ ವೇಷ ಹಾಕುವ ಮತ್ತೊಂದು ಜಾತಿ ಇದೆ, ಅದರ ಹೆಣ್ಣು ಥೇಟ್ ಇದರಂತೆಯೇ ಕಾಣುತ್ತದೆ, ಕೆಲವಕ್ಕೆ ತುದಿಯ ಕಪ್ಪೂ ಇರುವುದಿಲ್ಲ, ಆದರೆ ಹಿಂದಿನ ರೆಕ್ಕೆಯ ಮೇಲೆ ಒಂದೇ ಚುಕ್ಕಿ ಎಂದು ಕಲಿಸಿದ್ದೂ ಅವರೇ. ಆ ಮೇಲೆ ವರ್ಷಕ್ಕೆ ನಾಲ್ಕಾರು ಸಾರಿ ಹೋಗುವುದು ರೂಢಿಯಾಯಿತು.

ಅಥಣಿಗೆ ವರ್ಗವಾದದ್ದು ತೊಂಬತ್ತರ ದಶಕದ ಮೊದಲಲ್ಲಿ. ಕೊಕಟನೂರಿನ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಅದರಲ್ಲಿ ಒಂದು ಸಣ್ಣ ಹಳ್ಳಿಯ ಹೊರಗೆ ರಸ್ತೆಯ ಬದಿಗೆ ಸಾಲಾಗಿ ಎಕ್ಕೆ ಬೆಳೆದಿತ್ತು, ಸಾಲು ಮುಗಿದಲ್ಲಿ ಒಂದು ಮಾರುತಿ ಗುಡಿ. ಆಷಾಢ ಮುಗಿಯುವ ಹೊತ್ತಿಗೆ ಒಂದು ದಿನ ಅಲ್ಲಿ ನಾನು ಅದನ್ನು ಕಂಡೆ. ಎಕ್ಕೆಯ ಹೂವಿನ ಮೇಲೆ ರೆಕ್ಕೆ ಅಗಲಿಸಿ ಕೂತಿತ್ತು. ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪಿಲ್ಲ. ಕಪ್ಪಿಲ್ಲವಾದ್ದರಿಂದ ಬಿಳಿ ಪಟ್ಟೆಯೂ ಇಲ್ಲ. ಬುಡದಿಂದ ತುದಿಯತನಕ ಒಂದೇ ಸಮ. ವೇಷದ ಜಾತಿಯದೇ ಇರಬೇಕು ಎಂದು ಬಗ್ಗಿ ಹಿಂದಿನ ರೆಕ್ಕೆ ನೋಡಿದೆ. ಚುಕ್ಕಿ ಮೂರು. ಮತ್ತೆ ಎಣಿಸಿದೆ. ಮೂರೇ.

ಆ ಭಾನುವಾರವೇ ಚಿಕ್ಕೋಡಿಗೆ ಹೋದೆ. ಪ್ರೊಫೆಸರರು ಏಳೆಂಟು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ನಮ್ಮ ತಾಲೂಕುಗಳ ಪಾತರಗಿತ್ತಿಗಳ ಪಟ್ಟಿ ತಯಾರಿಸುತ್ತಿದ್ದರು. ಆ ವರ್ಷದ ಕೊನೆಗೆ ಕಾಲೇಜು ಅದನ್ನು ಅಚ್ಚು ಹಾಕುವುದಿತ್ತು. ನಾನು ಕಂಡದ್ದನ್ನು ಹೇಳಿದೆ.

"ಅಂಥಾದ ಐತ್ರಿ, ಪುಸ್ತಕದಾಗ ಐತಿ," ಎಂದರು. "ಆದ್ರ ಈ ಕಡೆ ನಾ ಇಷ್ಟ ವರ್ಷದಾಗ ಒಂದೂ ನೋಡಿಲ್ಲ. ನೀವು ವೇಷದ್ದ ನೋಡಿರಬೇಕು."

"ವೇಷದ್ದಕ್ಕ ಚುಕ್ಕಿ ಒಂದ ಅಂತ ನೀವ ಹೇಳೀರಿ. ನಾ ಮೂರು ಎಣಿಸೇನ್ರಿ."

"ಹಾರಾಕತ್ತಿದ್ದರ ಮ್ಯಾಲ ಎಣಿಸಿದ್ರಿ?"

"ಕೂತಿತ್ರಿ. ಎರಡ ಸಲ ಎಣಿಸೇನಿ."

ಅವರು ಪೆನ್ನಿನ ತುದಿಯಿಂದ ತಲೆ ಕೆರೆದುಕೊಂಡು ನಕ್ಕರು. "ಬ್ಯಾಸರಾ ಮಾಡಕೋಬ್ಯಾಡ್ರಿ ಸಾಹೇಬ್ರ. ನಿಮಗ ಕೆಂಪು ಹಸರ ತಿಳಿಯೂದಿಲ್ಲ ಅಂತ ನೀವ ಹೇಳೀರಿ. ಬಣ್ಣಾ ಕಾಣದವರ ಮಾತಿನ ಮ್ಯಾಲ ಬಣ್ಣದ ದಾಖಲೆ ಮಾಡಾಕ ಬರೂದಿಲ್ಲ."

ವಿದ್ಯಾರ್ಥಿಗಳು ನಗಲಿಲ್ಲ. ನನ್ನ ಮುಖ ನೋಡಿದರು. ನಕ್ಕಿದ್ದರೇ ಚೆನ್ನಾಗಿತ್ತು. ಚಹ ಬಂದಿತ್ತು, ಕುಡಿದೆ, ಎದ್ದೆ. ಬಾಗಿಲಲ್ಲಿ ನಿಂತು, "ತಂದ ತೋರಸ್ತೀನ್ರಿ" ಎಂದೆ. ತೋರಿಸಿ, ನೋಡೋಣ ಎಂದರು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಬಣ್ಣ ತಿಳಿಯುವುದಿಲ್ಲ ಎಂಬುದನ್ನು ನಾನು ಒಪ್ಪಿದ್ದೆ. ಆದರೆ ಕಣ್ಣೇ ಸುಳ್ಳು, ಎಣಿಕೆಯೂ ಸುಳ್ಳು ಎಂದರೆ ಒಪ್ಪುವುದು ಹೇಗೆ? ಆ ಒಂದು ಪಾತರಗಿತ್ತಿ ಪಟ್ಟಿಯಲ್ಲಿ ಬರಲೇಬೇಕು ಎಂದು ನಿರ್ಧಾರ ಮಾಡಿದೆ.

ಮೊದಲು ಹಿಡಿಯಲು ನೋಡಿದೆ. ಇಲಾಖೆಯ ಸೊಳ್ಳೆ ಪರದೆಯ ಹರಿದ ತುಂಡನ್ನು ತಂತಿಗೆ ಹೊಲಿದು ಬಲೆ ಮಾಡಿಕೊಂಡೆ. ಮಲೇರಿಯಾ ಸಾಹೇಬ ಸೊಳ್ಳೆ ಹಿಡಿಯುವುದಕ್ಕೆ ಬೀದಿಗೆ ಇಳಿದಿದ್ದಾನೆ ಎಂದು ಊರೆಲ್ಲ ನೋಡಲು ಬಂತು. ಮೂರು ವಾರದಲ್ಲಿ ಅಂಚಿಲ್ಲದ್ದು ಎರಡು ಸಾರಿ ಕಂಡಿತು, ಎರಡು ಸಾರಿಯೂ ತಪ್ಪಿಸಿಕೊಂಡಿತು. ಎರಡನೆಯ ಸಾರಿ ನಾನು ಕಾಲುವೆಗೆ ಬಿದ್ದೆ. ಹೆಂಡತಿ ಕೆಸರಿನ ಪ್ಯಾಂಟು ಒಗೆಯುತ್ತ, "ನಿಮಗ ಬಣ್ಣಾ ಕಾಣೂದಿಲ್ಲ, ನಿಮ್ಮ ಹಠಾ ಮಾತ್ರ ಎಲ್ಲಾರಿಗೂ ಕಾಣತೈತಿ" ಎಂದಳು.

ಶ್ರಾವಣದ ಒಂದು ಶುಕ್ರವಾರ, ಮಧ್ಯಾಹ್ನ ಮುಗಿಯುವ ಹೊತ್ತಿಗೆ ಆ ಸಾಲಿನ ಹತ್ತಿರ ಬಂದಾಗ ಅದು ಮತ್ತೆ ಕಂಡಿತು. ಈ ಸಲ ಹೂವಿನ ಮೇಲೆ ಕೂರಲಿಲ್ಲ. ಎಲೆಯಿಂದ ಎಲೆಗೆ ಹೋಗುತ್ತ, ಹೊಟ್ಟೆಯನ್ನು ಎಲೆಯ ಕೆಳಕ್ಕೆ ಮಡಿಸಿ ಕ್ಷಣ ಹೊತ್ತು ನಿಲ್ಲುತ್ತಿತ್ತು. ಮೊಟ್ಟೆ ಇಡುತ್ತಿತ್ತು. ಒಂದು ಎಲೆಗೆ ಒಂದೇ. ನಾನು ಉಸಿರು ಹಿಡಿದು ಹಿಂದೆ ಹಿಂದೆ ಹೋದೆ. ಹನ್ನೊಂದು ಎಲೆಗಳ ಕೆಳಗೆ ಹನ್ನೊಂದು ಮೊಟ್ಟೆ, ಒಂದೊಂದೂ ಗಸಗಸೆಗಿಂತ ತುಸು ದೊಡ್ಡದು. ಇವು ಹುಳುವಾಗಿ, ಕೋಶವಾಗಿ, ಪಾತರಗಿತ್ತಿಯಾಗಿ ಹೊರಬಂದರೆ ಅದರಲ್ಲಿ ಒಂದಾದರೂ ತಾಯಿಯಂತೆ ಇರಬಹುದಲ್ಲ. ಎಕ್ಕೆ ತಿಂದು ಬೆಳೆದದ್ದು ವೇಷದ ಜಾತಿ ಎಂದು ಯಾರೂ ಹೇಳುವಂತಿಲ್ಲ. ವೇಷದ್ದರ ಹುಳು ತಿನ್ನುವುದು ನಾವು ಪಲ್ಯ ಮಾಡುವ ಗೋಳಿ ಸೊಪ್ಪನ್ನು ಎಂದು ಪ್ರೊಫೆಸರರೇ ಹೇಳಿದ್ದರು.

ಆ ಹೊತ್ತು ಎಲೆ ಕೀಳುವಂತಿರಲಿಲ್ಲ. ಇನ್ನೂ ಮೂವತ್ತು ಮನೆ ಬಾಕಿ, ಕಿತ್ತ ಎಲೆ ಬಿಸಿಲಿಗೆ ಬಾಡುತ್ತದೆ, ರಕ್ತದ ಗಾಜುಪಟ್ಟಿ ತುಂಬಿದ ಪೆಟ್ಟಿಗೆ ಬಿಟ್ಟರೆ ಬೇರೆ ಡಬ್ಬಿಯೂ ಇರಲಿಲ್ಲ. ಮೊಟ್ಟೆ ಒಡೆಯಲು ಮೂರು ದಿನ ಬೇಕು, ಭಾನುವಾರ ಬಂದು ಒಯ್ದರಾಯಿತು ಎಂದುಕೊಂಡೆ. ನೂರಾರು ಎಲೆಗಳಲ್ಲಿ ಆ ಹನ್ನೊಂದು ಗುರುತು ಸಿಗಬೇಕಲ್ಲ. ಹರಿದ ಚೀಲ ಹೊಲಿಯಲೆಂದು ಹೆಂಡತಿ ಹಾಕಿಕೊಟ್ಟಿದ್ದ ದಾರದ ಉಂಡೆ ಚೀಲದಲ್ಲಿತ್ತು. ಒಂದು ಎಳೆಯನ್ನು ಗಿಡಕ್ಕೆ ಹಿಡಿದು ನೋಡಿದೆ. ಹೆಚ್ಚುಕಡಿಮೆ ಗಿಡದಲ್ಲಿ ಬೆರೆತುಹೋಯಿತು. ಒಳ್ಳೇದಾಯಿತು, ನನಗೆ ಮಾತ್ರ ಗೊತ್ತಾಗುತ್ತದೆ, ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಹನ್ನೊಂದು ತೊಟ್ಟಿಗೂ ಒಂದೊಂದು ಗಂಟು ಹಾಕಿದೆ.

ಮರುದಿನ ಶನಿವಾರ ಬೆಳಿಗ್ಗೆ ಬೇರೊಂದು ಹಳ್ಳಿಗೆ ಹೊರಟು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳ ಕೈಯಲ್ಲಿ ಎಣ್ಣೆಯ ಬಾಟಲಿ, ತೊಡೆಯ ಮೇಲೆ ಎಕ್ಕೆ ಎಲೆಯ ಮಾಲೆ. ನಮ್ಮ ಕಡೆ ಶನಿವಾರ ಮಾರುತಿಗೆ ಎಕ್ಕೆ ಎಲೆಯ ಮಾಲೆ ಹಾಕಿ ಎಣ್ಣೆ ಎರೆಯುತ್ತಾರೆ, ಶ್ರಾವಣದ ಶನಿವಾರವಂತೂ ಕೇಳುವುದೇ ಬೇಡ. ಇದು ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಆ ಸಾಲಿನ ಎಕ್ಕೆ ಯಾವಾಗಲೂ ಎಳೆಯ ಚಿಗುರು ಬಿಡುವುದು ಪ್ರತಿ ವಾರ ಗುಡಿಗೆ ಎಲೆ ಕೀಳುವುದರಿಂದಲೇ ಎಂಬುದೂ ಗೊತ್ತಿತ್ತು. ಆದರೂ ಹಿಂದಿನ ದಿನ ಅದು ನನ್ನ ತಲೆಗೆ ಬರಲೇ ಇಲ್ಲ. ಎಣ್ಣೆಯಲ್ಲಿ ಮುಳುಗಿದರೆ ಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ. ಕಂಡಕ್ಟರನಿಗೆ ಕೂಗಿ ಬಸ್ಸು ನಿಲ್ಲಿಸಿ, ಎದುರಿನಿಂದ ಬಂದ ಟ್ರ್ಯಾಕ್ಟರ್ ಹತ್ತಿ ವಾಪಸು ಆ ಹಳ್ಳಿಗೆ ಹೋದೆ.

ಗಿಡಗಳು ಬೋಳಾಗಿದ್ದವು. ಗುಡಿಯ ಬಾಗಿಲಲ್ಲಿ ಮಾಲೆ ಮಾಡುವ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹಿಂದೆ ಎರಡು ಸಾರಿ ಜ್ವರಕ್ಕೆ ಅವಳ ಬೆರಳು ಚುಚ್ಚಿದ್ದೆ, ಗುರುತಿತ್ತು. ಬುಟ್ಟಿಯಲ್ಲಿ ಕೈ ಹಾಕಿ ಮಾಲೆಗಳನ್ನು ತಿರುವಿದೆ. ಗಂಟು ಸಿಗಲಿಲ್ಲ.

"ಏನ ಹುಡಕಾಕತ್ತೀರಿ ಸಾಹೇಬ್ರ?"

"ದಾರಾ ಕಟ್ಟಿದ ಎಲಿ, ಯವ್ವಾ. ನಿನ್ನೆ ಕಟ್ಟಿದ್ನಿ."

"ಅಯ್ಯ, ಅವು ನಿಮ್ಮವೇನು?" ಎಂದಳು. "ಕೆಂಪ ದಾರಾ ಕಟ್ಟಿದ್ರಲ್ಲ, ಯಾರೋ ಹರಕಿ ಹೊತ್ತಾರ ಅಂತ ತಿಳದ್ನಿ. ಅದರಾಗೂ ಹನ್ನೊಂದ ಎಲಿ, ಮಾರುತಿಗೆ ಹೇಳಿ ಮಾಡಿಸಿದ ಲೆಕ್ಕ. ಅವನ್ನ ಮೊದಲ ಕಿತ್ತು, ಬ್ಯಾರೆ ಮಾಲಿ ಕಟ್ಟಿ, ಎಲ್ಲಾರಕಿಂತ ಮುಂಚೆ ಏರಸೇನಿ."

ಕೆಂಪು ದಾರ. ಗಿಡದ ಬಣ್ಣದಲ್ಲಿ ಅಡಗಿತು ಎಂದು ನಾನು ಖುಷಿಪಟ್ಟದ್ದು ಅರ್ಧ ಹರದಾರಿ ದೂರದಿಂದ ಕಾಣುವ ಕೆಂಪು. ಯಾರ ಕಣ್ಣಿಗೂ ಬೀಳಬಾರದು ಎಂದು ಕಟ್ಟಿದ್ದು ಎಲ್ಲರಿಗಿಂತ ಮೊದಲು ಕಣ್ಣಿಗೆ ಬಿದ್ದಿತ್ತು. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪ್ರೊಫೆಸರರು ಹೇಳಿದ್ದೇ ಸರಿ, ಈ ಕಣ್ಣು ಯಾವುದಕ್ಕೂ ಸಾಕ್ಷಿ ಹೇಳಲು ಲಾಯಕ್ಕಲ್ಲ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಗುಡಿಯ ಮೆಟ್ಟಿಲ ಮೇಲೆ ಕೂತೆ.

ಒಳಗೆ ಮಾರುತಿಯ ಕೊರಳಲ್ಲಿ ಮಾಲೆ ಕಾಣುತ್ತಿತ್ತು. ಹೊರಗೆ ಎಣ್ಣೆಯ ಬಾಟಲಿ ಹಿಡಿದವರ ಸಾಲು ಬೆಳೆಯುತ್ತಿತ್ತು. ಆರತಿಯಾದ ಕೂಡಲೇ ಎಣ್ಣೆ ಎರೆಯುವುದು ಶುರುವಾಗುತ್ತದೆ ಎಂದಳು ಮುದುಕಿ. ಎದ್ದು ಪೂಜಾರಿಯನ್ನು ಕರೆದೆ. ಆ ಮಾಲೆ ನನಗೆ ಬೇಕು ಎಂದೆ. ಅವರು ನನ್ನನ್ನು ಕೆಳಗಿನಿಂದ ಮೇಲಿನತನಕ ನೋಡಿದರು.

"ಏರಿಸಿದ ಮಾಲಿ ಹಂಗ ಇಳಸಾಕ ಬರೂದಿಲ್ರಿ. ಹರಕಿದವರು ಬಂದು, ಹರಕಿ ಏನಂತ ದೇವರ ಮುಂದ ಬಾಯಿಬಿಟ್ಟ ಹೇಳಿದ್ರ ಪ್ರಸಾದಂತ ಕೊಡಬಹುದು."

ಸಾಲಿನಲ್ಲಿದ್ದವರೆಲ್ಲ ನನ್ನನ್ನು ಬಲ್ಲವರು. ಅವರ ಗೋಡೆಗಳ ಮೇಲೆ ನಾನು ಬರೆದ ತಾರೀಖು ಇತ್ತು. ಹತ್ತು ವರ್ಷ ಮುಚ್ಚಿಟ್ಟದ್ದನ್ನು ಇವರ ಮುಂದೆ ಹೇಳುವುದೇ ಎಂದು ನಾಲಿಗೆ ತಡೆಯಿತು. ಸುಳ್ಳು ಹರಕೆಯೊಂದನ್ನು ಹೇಳಬಹುದಿತ್ತು, ಅವ್ವನ ಜ್ವರ ಅಂತಲೋ ಹೆಂಡತಿಯ ಬೇನೆ ಅಂತಲೋ. ದೇವರ ಮುಂದೆ ಸುಳ್ಳು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

"ನನಗ ಕೆಂಪು ಹಸರ ತಿಳಿಯೂದಿಲ್ಲ," ಎಂದೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ. "ಅದಕ್ಕ ನಾ ನೋಡಿದ್ದು ಸುಳ್ಳು ಅಂತಾರ. ನಾ ನೋಡಿದ್ದು ಖರೆ ಐತಿ. ಅದು ಖರೆ ಅಂತ ಆಗಬೇಕು. ಇದ ನನ್ನ ಹರಕಿ."

ಯಾರೂ ನಗಲಿಲ್ಲ. ಪೂಜಾರಿ ಒಳಗೆ ಹೋಗಿ ಮಾಲೆ ಇಳಿಸಿ, ನನ್ನ ಎರಡೂ ಕೈಯಲ್ಲಿ ಹಾಕಿದರು. ಮುದುಕಿ ತನ್ನ ಬುಟ್ಟಿಯಿಂದ ಬೇರೊಂದು ಮಾಲೆ ಕೊಟ್ಟು ಅದರ ಜಾಗಕ್ಕೆ ಏರಿಸಲು ಹೇಳಿದಳು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಎಲೆ ತಿರುವಿ ನೋಡಿದೆ. ಪೋಣಿಸುವಾಗ ಒರೆಸಿದ್ದರಿಂದ ಏಳು ಮೊಟ್ಟೆ ಹೋಗಿದ್ದವು. ನಾಲ್ಕು ಉಳಿದಿದ್ದವು. ರಕ್ತದ ಗಾಜುಪಟ್ಟಿ ಇಡುವ ಮರದ ಪೆಟ್ಟಿಗೆಯನ್ನು ಖಾಲಿ ಮಾಡಿ, ಒದ್ದೆ ಬಟ್ಟೆ ಹಾಸಿ, ಆ ನಾಲ್ಕು ಎಲೆ ಇಟ್ಟುಕೊಂಡು ಅಥಣಿಗೆ ಬಂದೆ.

ಆ ಮೇಲಿನ ಮೂರು ವಾರ ನಮ್ಮ ಎರಡು ಕೋಣೆಯ ಬಾಡಿಗೆ ಮನೆ ಹುಳದ ಮನೆಯಾಯಿತು. ಸೋಮವಾರ ನಾಲ್ಕೂ ಒಡೆದವು. ಬಾಯಗಲದ ಗಾಜಿನ ಭರಣಿಯಲ್ಲಿ ಬಿಟ್ಟು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎಳೆಯ ಎಕ್ಕೆ ಎಲೆ ಹಾಕುತ್ತಿದ್ದೆ. ಎಕ್ಕೆಯ ಹಾಲು ಅಂಗಿಗ್ಯಾಕೆ ಹತ್ತಿಸಿಕೊಂಡಿರಿ, ಕಣ್ಣಿಗೆ ತಾಗಿದರೆ ಇದ್ದ ಕಣ್ಣೂ ಹೋಗುತ್ತದೆ ಎಂದು ಹೆಂಡತಿ ರೇಗುತ್ತಿದ್ದಳು. ಮೊದಲ ವಾರ ಭರಣಿಯ ಹತ್ತಿರವೂ ಬರಲಿಲ್ಲ. ಹುಳುಗಳು ಬೆರಳುದ್ದ ಬೆಳೆದು ಪಟ್ಟೆಪಟ್ಟೆಯಾದ ಮೇಲೆ, ನಾನು ಕೆಲಸಕ್ಕೆ ಹೋದಾಗ ತಾನೇ ಎಲೆ ಹಾಕತೊಡಗಿದಳು. ಒಂದು ದಿನ ಸಂಜೆ ನಾನು ಬಂದ ಕೂಡಲೇ, "ಒಂದ ಸತ್ತೈತ್ರಿ" ಎಂದಳು. ಅವಳ ದನಿ ಕೇಳಿದರೆ ಮನೆಯವರೇ ಯಾರೋ ಹೋದಂತಿತ್ತು. ನಾವು ಹಾಕಿದ ಎಲೆಯ ಮೇಲೆ ಯಾವುದೋ ನೊಣ ಇಟ್ಟ ಮೊಟ್ಟೆ ಅದರ ಹೊಟ್ಟೆ ಸೇರಿತ್ತು, ಹುಳುವಿನಿಂದ ನೊಣದ ಮರಿಗಳು ಹೊರಬಿದ್ದಿದ್ದವು. ಉಳಿದ ಮೂರು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಗೆ ತಲೆಕೆಳಗಾಗಿ ಜೋತು ಕೋಶ ಕಟ್ಟಿದವು.

ಗಣೇಶ ಚೌತಿ ಕಳೆದು ಎರಡು ದಿನಕ್ಕೆ ಮೊದಲನೆಯದು ಹೊರಬಂತು. ತುದಿ ಕಪ್ಪು, ಬಿಳಿ ಪಟ್ಟೆ. ಎಲ್ಲರಂಥದ್ದೇ. ಮರುದಿನ ಎರಡನೆಯದು. ಅದೂ ಕಪ್ಪು ತುದಿಯದೇ. ಎರಡನ್ನೂ ಕಿಟಕಿಯಿಂದ ಬಿಟ್ಟೆವು. ಉಳಿದದ್ದು ಒಂದೇ ಕೋಶ.

ಹೊರಬರುವ ಹಿಂದಿನ ದಿನ ಕೋಶದ ಸಿಪ್ಪೆ ತೆಳುವಾಗಿ, ಮಡಿಸಿಟ್ಟ ರೆಕ್ಕೆ ಒಳಗಿನಿಂದ ಕಾಣುತ್ತದೆ. ಮೊದಲಿನ ಎರಡರಲ್ಲೂ ಕಪ್ಪು ತುದಿ ಹಾಗೆ ಕಂಡಿತ್ತು. ಮೂರನೆಯ ಕೋಶ ತೆಳುವಾದದ್ದು ಒಂದು ಬುಧವಾರ ಸಂಜೆ. ಹೊರಗೆ ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿದೆ. ತುದಿಯಲ್ಲಿ ಕಪ್ಪಿಲ್ಲ. ನಾನು ನಂಬಲಿಲ್ಲ, ಹೆಂಡತಿಯ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು.

"ಕರಿ ಇಲ್ರಿ," ಎಂದಳು. "ತುದೀತನಕ ಇಲ್ಲ. ನಾಳೆ ಮೊದಲ ಬಸ್ಸಿಗೆ ಹೋಗ್ರಿ. ರೊಟ್ಟಿ ಕಟ್ಟಿಕೊಡ್ತೀನಿ."

ಬೆಳಿಗ್ಗೆ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕೋಡಿಯ ಬಸ್ಸಿನಲ್ಲಿ ಕೂತೆ. ಹೊಳೆ ದಾಟಿ ರಾಯಬಾಗ ಬಿಟ್ಟ ಮೇಲೆ ಕೋಶ ಬಿರಿಯಿತು. ಕಾಲೇಜು ಮುಟ್ಟುವತನಕ ತಡೆದೀತು ಎಂದುಕೊಂಡಿದ್ದೆ. ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿ ಹೊರಬಂತು. ಅದು ಜೋತುಬಿದ್ದು ರೆಕ್ಕೆ ಹರವಿ ಒಣಗಿಸಿಕೊಳ್ಳಬೇಕು. ಆಗ ಜಾರಿ ಬಿದ್ದರೆ ರೆಕ್ಕೆ ಮುರುಟಿ, ಅಂಚು ಎಲ್ಲಿ, ತುದಿ ಎಲ್ಲಿ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಕಬ್ಬಿನ ಗಾಡಿಗಳು ತುಳಿದು ಗುಂಡಿಬಿದ್ದ ರಸ್ತೆ. ನಾನು ಎದ್ದು ನಿಂತು, ಭರಣಿಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದೆ. ನಿಂತವನ ಕಾಲು ಗುಂಡಿಯ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಸೀಟು ಬಿಟ್ಟು ಯಾಕೆ ನಿಂತಿರಿ ಎಂದು ಕಂಡಕ್ಟರ ಕೇಳಿದ. ಭರಣಿ ನೋಡಿದ ಮೇಲೆ ಮುಂದೆ ಹೋಗಿ ಡ್ರೈವರನಿಗೆ ಏನೋ ಹೇಳಿದ. ಬಸ್ಸು ನಿಧಾನವಾಯಿತು. ಒಂದು ತಾಸು ಹಾಗೆಯೇ ನಿಂತೆ, ತೋಳು ಸೆಟೆದುಕೊಂಡಿತು, ಇಳಿಸಲಿಲ್ಲ. ಚಿಕ್ಕೋಡಿಯ ಗುಡ್ಡ ಕಾಣುವ ಹೊತ್ತಿಗೆ ರೆಕ್ಕೆ ಪೂರ್ತಿ ಬಿಡಿಸಿಕೊಂಡಿತ್ತು. ನಾನು ಚುಕ್ಕಿ ಎಣಿಸಿದೆ. ನಾಲ್ಕು. ಗಂಡು.

ಪ್ರೊಫೆಸರರು ಅದೇ ಕೋಣೆಯಲ್ಲಿದ್ದರು. ಅದೇ ವಿದ್ಯಾರ್ಥಿಗಳೂ ಇದ್ದರು. ಭರಣಿಯನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಖಾಲಿ ಕೋಶದ ಸಿಪ್ಪೆ, ತಿಂದುಳಿದ ಎಕ್ಕೆ ಎಲೆ. ಮೊಟ್ಟೆಯಿಂದ ಇಲ್ಲಿಯವರೆಗಿನ ಕತೆ ಹೇಳಿದೆ. ದಾರದ್ದನ್ನೂ ಬಿಡಲಿಲ್ಲ. ಅವರು ಕನ್ನಡಕ ಮೇಲೆತ್ತಿ, ಭೂತಗನ್ನಡಿ ಹಿಡಿದು, ಭರಣಿಯ ಸುತ್ತ ಎರಡು ಸುತ್ತು ಬಂದರು. ಅವರ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

ಆಮೇಲೆ ವಿದ್ಯಾರ್ಥಿಗಳ ಕಡೆ ತಿರುಗಿ, "ಅವತ್ತ ಇವರಿಗೆ ನಿಮ್ಮ ಮುಂದ ನಾ ಒಂದ ಮಾತ ಅಂದಿದ್ನಿ," ಎಂದರು. "ಅದು ತಪ್ಪ. ಅದನ್ನೂ ನಿಮ್ಮ ಮುಂದ ಹೇಳಾಕತ್ತೇನಿ."

ಪುರಾವೆಯೆಂದು ಅದನ್ನು ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ, ಒಪ್ಪಿಗೆಯೇ ಎಂದು ಕೇಳಿದರು. ಎದೆಯ ಮಟ್ಟಕ್ಕೆ ಹಿಡಿದು ತಂದದ್ದನ್ನು ಸಾಯಿಸುವುದು ಎಂದರೆ ಸಂಕಟವಾಯಿತು. ಆದರೂ ಬೇಡ ಎನ್ನಲಿಲ್ಲ. ಬಿಟ್ಟುಬಿಟ್ಟರೆ ಮುಂದೆ ಮತ್ತೊಬ್ಬರು ಸುಳ್ಳು ಎನ್ನುತ್ತಾರೆ. ಇಡಿ ಎಂದೆ.

ಅವರು ಪಟ್ಟಿಯ ದೊಡ್ಡ ವಹಿ ತೆರೆದರು. ಊರು ಕೇಳಿ ಬರೆದರು, ಮೊಟ್ಟೆ ಸಿಕ್ಕ ದಿನ ಬರೆದರು, ಗಿಡ ಬರೆದರು, ಗಂಡು ಎಂದು ಬರೆದರು. ಮುಂದಿನ ಅಂಕಣ ಬಣ್ಣದ್ದು. ಭರಣಿಯನ್ನು ನೋಡಿ ಪೆನ್ನು ಕಾಗದಕ್ಕೆ ಹಚ್ಚಿದರು, ಮತ್ತೆ ಎತ್ತಿದರು. ನನ್ನ ಕಡೆ ನೋಡಿದರು.

"ನಿಮಗ ಹ್ಯಾಂಗ ಕಾಣತೈತ್ರಿ ಇದು?"

ಮತ್ತೆ ಪರೀಕ್ಷೆಯೇ ಎಂದು ಅವರ ಮುಖ ನೋಡಿದೆ. ನಗುತ್ತಿರಲಿಲ್ಲ, ಪೆನ್ನು ಹಿಡಿದು ಕಾಯುತ್ತಿದ್ದರು. ಇದು ಯಾವ ಬಣ್ಣ ಎಂದು ಕೇಳಿದವರು ನನಗೆ ಬೇಕಾದಷ್ಟು ಜನ. ನಿಮಗೆ ಹೇಗೆ ಕಾಣುತ್ತದೆ ಎಂದು ಅಲ್ಲಿಯತನಕ ಯಾರೂ ಕೇಳಿರಲಿಲ್ಲ, ಮನೆಯವರೂ ಕೇಳಿರಲಿಲ್ಲ. ನಾನು ಬಗ್ಗಿ ನೋಡಿದೆ, ಚುಕ್ಕಿ ಎಣಿಸದೆ, ಬರೀ ನೋಡಿದೆ.

"ಬಿಸಲಿಗೆ ಒಣಗಿದ ಜೋಳದ ಕಣಿಕಿ ಹಂಗ ಕಾಣತೈತ್ರಿ," ಎಂದೆ. "ತುದೀತನಕ."

ಅವರು ಅದನ್ನೇ ಬರೆದರು. ಬರೆದು, ವಹಿಯನ್ನು ನನ್ನ ಕಡೆ ತಿರುಗಿಸಿ, ಸರಿ ಇದೆಯೇ ಓದಿ ನೋಡಿ ಎಂದರು. ಓದಿದೆ, ಸರಿ ಇದೆ ಎಂದು ತಲೆ ಆಡಿಸಿದೆ.